ಹಾಲಿನವನ ಲೆಕ್ಕ

ಬೆಂಗಳೂರಿನಲ್ಲಿ ಪಿ.ಜಿ. ಸಿಗಲಿಲ್ಲ ಅಂತ ಮುಖ ಸಣ್ಣ ಮಾಡಿಕೊಂಡು ಕೂತಿದ್ದೀಯಲ್ಲ ಪುಟ್ಟಿ, ಈಚೆ ಬಾ, ಬಚ್ಚಲೊಲೆ ಹತ್ತಿರ ಕೂತುಕೋ. ಹಲಸಿನ ಬೀಜ ಸುಡುವಷ್ಟರಲ್ಲಿ ಈ ಮಾವ ಕಾಶಿಯಲ್ಲಿ ಕೋಣೆ ಹುಡುಕಿದ ಕಥೆ ಹೇಳಿ ಮುಗಿಸುತ್ತಾನೆ.

ಮದುವೆಮನೆಯಲ್ಲಿ ಕಾಶೀಯಾತ್ರೆ ನೋಡಿದ್ದೀಯಲ್ಲ? ಛತ್ರಿ, ಕೋಲು ಹಿಡಿದು ಮದುಮಗ ವಿದ್ಯೆಗೆ ಅಂತ ಹೊರಡುತ್ತಾನೆ. ಚಪ್ಪರ ದಾಟುವ ಮೊದಲೇ ಹೆಣ್ಣಿನ ಅಪ್ಪ ಓಲೈಸಿ ವಾಪಸು ಕರೆತರುತ್ತಾನೆ. ನನ್ನನ್ನು ತಡೆಯಲು ಯಾವ ಮಾವನೂ ಇರಲಿಲ್ಲ. 2016ರಲ್ಲಿ ಮೈಸೂರು–ವಾರಾಣಸಿ ರೈಲು ಹತ್ತಿಯೇ ಬಿಟ್ಟೆ. ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ ಎಂ.ಎ.ಗೆ ಸೀಟು. ನಮ್ಮ ನಾಲ್ವಡಿ ಕೃಷ್ಣರಾಜ ಒಡೆಯರು ಅದರ ಮೊದಲ ಕುಲಾಧಿಪತಿ, ಸಿ.ಎನ್.ಆರ್. ರಾವ್ ಎಂ.ಎಸ್ಸಿ. ಮಾಡಿದ್ದೂ ಅಲ್ಲೇ ಅಂತ ಅಜ್ಜಯ್ಯ ಆಗಲೇ ಊರಿಗೆಲ್ಲ ಸಾರಿಕೊಂಡು ಬಂದಿದ್ದರು. ಹಾಸ್ಟೆಲ್ ಹಂಚುವುದು ಪ್ರವೇಶವೆಲ್ಲ ಮುಗಿದ ಮೇಲೆ, ಅಂಕ ನೋಡಿ. ಅಲ್ಲಿವರೆಗೆ ತಲೆಯ ಮೇಲೆ ಒಂದು ಸೂರು ಬೇಕಲ್ಲ?

ವಿಶ್ವವಿದ್ಯಾಲಯದ ದೊಡ್ಡ ಗೇಟಿನ ಎದುರಿಗಿರುವ ಬಡಾವಣೆ ಲಂಕಾ. ಬಿಹಾರದ ಹುಡುಗರು, ಪೂರ್ವಾಂಚಲದ ಹುಡುಗರು ನನಗಿಂತ ಮೊದಲೇ ಬಂದು ಅಲ್ಲಿ ಗೂಡುಗೂಡೂ ತುಂಬಿಸಿಟ್ಟಿದ್ದರು. ಹಾಗಾಗಿ ಅಸ್ಸಿ, ಶಿವಾಲಾ ದಾಟಿ ಸೋನಾರ್‌ಪುರದ ತನಕ ಬಂದೆ. ಹನುಮಾನ್ ಘಾಟ್ ಹತ್ತಿರದ ಒಂದು ಛತ್ರದಲ್ಲಿ ಟ್ರಂಕು ಇಟ್ಟಿದ್ದೆ. ಮೈಸೂರು ಸಂಸ್ಥಾನದವರು ಕಟ್ಟಿಸಿದ ಕರ್ನಾಟಕ ಘಾಟ್ ಅಲ್ಲೇ ಪಕ್ಕದಲ್ಲಿ. ಛತ್ರದಲ್ಲಿ ಮೂರು ರಾತ್ರಿ ಅಂದರೆ ಮೂರೇ ರಾತ್ರಿ.

ವಿಚಿತ್ರ ಊರು ಅದು. ಮೂರು ರಾತ್ರಿ ಇರುವವನಿಗೆ ಛತ್ರ ಉಂಟು. ಸಾಯಲು ಬಂದವನಿಗೆ ಗೋದೌಲಿಯಾ ಕಡೆ ಮುಕ್ತಿಭವನ ಉಂಟು, ಅಸ್ಸಿಯಲ್ಲಿ ಮುಮುಕ್ಷು ಭವನ ಉಂಟು. ಎರಡು ವರ್ಷ ಬದುಕಿ ಓದುತ್ತೇನೆ ಅನ್ನುವವನನ್ನು ಕಂಡರೆ ಮಾತ್ರ ಎಲ್ಲರಿಗೂ ಅನುಮಾನ.

ಮೊದಲ ಪ್ರಶ್ನೆ, ಮೊಟ್ಟೆ ತಿನ್ನುತ್ತೀಯಾ? ಇಲ್ಲ. ಎರಡನೆಯದು, ಪೂರ್ತಿ ಹೆಸರೇನು? ಅಲ್ಲಿ ಜಾತಿಯನ್ನು ನೇರ ಕೇಳುವುದಿಲ್ಲ, ಹೆಸರಿನ ಬಾಲ ಕೇಳುತ್ತಾರೆ. ನಮ್ಮದೋ, ಊರಿನದೊಂದು ಇನಿಷಿಯಲ್, ಅಪ್ಪನದೊಂದು ಇನಿಷಿಯಲ್, ಕೊನೆಗೆ ಹೆಸರು. ಅಷ್ಟೇ. "ಆಗೇ ಕ್ಯಾ?" ಅನ್ನುತ್ತಾರೆ. ಆಗೇ ಏನೂ ಇಲ್ಲ ಮಾರಾಯರೇ! ಮಿಶ್ರಾ, ಸಿಂಗ್, ಯಾದವ್ ಯಾವುದೂ ಸಿಗದೆ ಒಬ್ಬ ಯಜಮಾನರು ನನ್ನ ಆಧಾರ್ ಕಾರ್ಡನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. ನನಗಿದು ತಮಾಷೆಯಾಗಿಯೇ ಮುಗಿಯಿತು. ನನ್ನ ತರಗತಿಯ ಇನ್ನೊಬ್ಬನ ಹೆಸರಿಗೆ ಬಾಲ ಇತ್ತು. ಅವನು ಹೆಸರು ಹೇಳಿದ ಕೂಡಲೇ ಕೋಣೆ "ಈಗಷ್ಟೇ ಹೋಯಿತು" ಆಗುತ್ತಿತ್ತು. ಮರುದಿನ ಅದೇ ಕೋಣೆಯನ್ನು ನನಗೆ ತೋರಿಸಿದರು. ಬೇಡ ಅಂದು ಬಂದೆ. ಅದರಿಂದ ಅವನಿಗೇನೂ ಕೋಣೆ ಸಿಗಲಿಲ್ಲ ಅನ್ನು.

ಅಷ್ಟರಲ್ಲಿ ಆಗಸ್ಟ್ ಬಂತು, ಗಂಗೆ ಏರಿದಳು. ಅಲ್ಲಿ ಅಪಾಯದ ಮಟ್ಟ 71.262 ಮೀಟರ್. ನಮ್ಮಲ್ಲಿ ಮಳೆ ಎಷ್ಟು ಇಂಚು ಅಂತ ಮಾತಾಡುವ ಹಾಗೆ ಅಲ್ಲಿ ಚಹಾದಂಗಡಿಯಲ್ಲಿ ಈ ಅಂಕಿಯದೇ ಮಾತು. ನೀರು ಅದನ್ನೂ ದಾಟಿತು. ಘಾಟ್‌ಗಳೆಲ್ಲ ಮುಳುಗಿ, ಹರಿಶ್ಚಂದ್ರ ಘಾಟ್‌ನ ಚಿತೆಗಳು ಮೇಲಿನ ಗಲ್ಲಿಗೇ ಬಂದವು. ಅದೇ ಹೊತ್ತಿಗೆ ಆ ಕಡೆ ಇಳಿಯುವ ಗಲ್ಲಿಯಲ್ಲಿ ಒಬ್ಬರು ಬಹಳ ಅಗ್ಗಕ್ಕೆ ನೆಲಮಾಳಿಗೆಯ ಕೋಣೆ ಕೊಡುತ್ತೇನೆ ಅಂದರು. ಗೋಡೆಯ ಮೇಲೆ ನನ್ನ ಎದೆಮಟ್ಟಕ್ಕೆ ಕಂದು ಗೆರೆ. ಏನಿದು ಅಂದೆ. "78ರದು," ಅಂದರು, ಮನೆತನದ ಬಿರುದು ಹೇಳುವ ಠೀವಿಯಲ್ಲಿ. 1978ರಲ್ಲಿ ನೀರು 73.901ಕ್ಕೆ ಮುಟ್ಟಿತ್ತು, ಕಾಶಿಯವರು ಇವತ್ತಿಗೂ ಅದನ್ನೇ ಅಳತೆ ಇಟ್ಟುಕೊಂಡಿದ್ದಾರೆ. "ಗಂಗಾ ಮೈಯಾ ತಾನಾಗಿ ಮನೆಗೆ ಬಂದರೆ ಪುಣ್ಯವಲ್ಲವೇ?" ಅಂದರು. ಪುಣ್ಯ ನಿಮಗಿರಲಿ ಅಂತ ಕೈಮುಗಿದೆ.

ಬೇಸತ್ತು ಒಂದು ಸಂಜೆ ಮದನ್‌ಪುರದ ಹಾದಿಯಲ್ಲಿ ಮಗ್ಗಗಳ ಖಟಪಟ ಕೇಳುತ್ತ ಜಂಗಮವಾಡಿ ಮಠದ ತನಕ ನಡೆದೆ. ವೀರಶೈವರ ಪಂಚಪೀಠಗಳಲ್ಲಿ ಒಂದು ಅದು, ಕಾಶಿ ಪೀಠ. ಅಂಗಳ, ಮೂಲೆ ಎಲ್ಲ ಲಿಂಗಗಳು. ನಮ್ಮ ಕಡೆಯಿಂದ ಸಂಸ್ಕೃತ ಓದಲು ಹೋದವರಿಗೆ ಹಿಂದಿನಿಂದಲೂ ನೆರಳು. ಬಾಗಿಲಲ್ಲೇ ಕನ್ನಡ ಕಿವಿಗೆ ಬಿತ್ತು ನೋಡು, ಕಣ್ಣು ಮಂಜಾಯಿತು. ವಿಜಯಪುರದ ಕಡೆಯ ಒಬ್ಬ ವಿದ್ಯಾರ್ಥಿ, ನನಗಿಂತ ದೊಡ್ಡವನು, ನನ್ನ ಮುಖ ನೋಡಿದವನೇ "ಉಂಡಿ ಏನ್ ತಮ್ಮಾ?" ಅಂದ. ಪೂರ್ತಿ ಹೆಸರು ಕೇಳಲಿಲ್ಲ. ಊಟ ಆದ ಮೇಲೆ ಕಥೆ ಎಲ್ಲ ಕೇಳಿ ಗಟ್ಟಿಯಾಗಿ ನಕ್ಕ. "ಬೋರ್ಡ್ ನೋಡಿಕೋತ ತಿರಗಿದ್ರ ಖೋಲಿ ಸಿಗತದೇನು? ಹಾಲಿನಾಂವನ್ನ ಕೇಳಬೇಕು."

ಸುಳ್ಳಲ್ಲ. ಬೆಳಗಿನ ಜಾವ ಸೋನಾರ್‌ಪುರದ ಗಲ್ಲಿಗಳಲ್ಲಿ ಸೈಕಲ್ಲಿಗೆ ಕ್ಯಾನು ಕಟ್ಟಿಕೊಂಡು ತಿರುಗುವ ಆ ಮನುಷ್ಯನಿಗೆ ಯಾವ ಮನೆಯಲ್ಲಿ ಎಷ್ಟು ಬಾಯಿ ಅನ್ನುವ ಲೆಕ್ಕ ಪಕ್ಕಾ. ಒಂದು ಲೀಟರ್ ತೆಗೆದುಕೊಳ್ಳುತ್ತಿದ್ದವರು ಅರ್ಧಕ್ಕೆ ಇಳಿದರೆ ಬಾಡಿಗೆಯವನು ಖಾಲಿ ಮಾಡಿದ ಅಂತ ಅರ್ಥ. ಮಠದ ಆ ವಿಜಯಪುರದ ಅಣ್ಣ ಅವನಿಗೆ ನನ್ನನ್ನು ಒಪ್ಪಿಸಿದ. ಕಾಶಿಯ ಮನೆಗೊಂದು ಅಕ್ಷರ, ಒಂದು ಅಂಕಿ, ಓರೆಗೆರೆ, ಮತ್ತೊಂದು ಅಂಕಿ. ಅದನ್ನು ಹಿಡಿದು ಹೊರಟರೆ ಹೊಸಬ ಸಂಜೆವರೆಗೆ ಅಲ್ಲೇ ಸುತ್ತಬೇಕು. ಹಾಲಿನವನು ನಂಬರು ನೋಡದೆ ಮೂರು ತಿರುವು ತಿರುಗಿ ಕೇದಾರ ಘಾಟ್ ಕಡೆಯ ಒಂದು ಹಳೆ ಮನೆಯ ಮುಂದೆ ನಿಂತ. ಆ ಭಾಗದಲ್ಲಿ ಬಂಗಾಳಿಗಳು ಬಹಳ. ಬಾಗಿಲು ತೆಗೆದವರು ಬಿಳಿ ಸೀರೆಯ ವಯಸ್ಸಾದ ಹೆಂಗಸು, ಗಲ್ಲಿಗೆಲ್ಲ ಮಾಸಿಮಾ. "ನಮ್ಮ ಹುಡುಗ," ಅಂದ ಹಾಲಿನವನು. ಅವನಿಗೆ ನನ್ನ ಪರಿಚಯವಾಗಿ ಕಾಲು ಗಂಟೆ ಆಗಿತ್ತಷ್ಟೆ.

ಮಾಸಿಮಾ ಮೊಟ್ಟೆಯ ಮಾತೇ ಎತ್ತಲಿಲ್ಲ. ಕೆಳಗೆ ಮಗನ ಮನೆಯಲ್ಲಿ ಮೀನು ಹುರಿಯುತ್ತಾರೆ, ನಿನಗೆ ನಡೆಯುತ್ತದೋ ಅಂತ ಅವರೇ ನನ್ನನ್ನು ಕೇಳಿದರು! ನಡೆಯುತ್ತದೆ ಅಂದೆ. ಮೂರನೇ ಮಹಡಿ, ತಾರಸಿಗೆ ಮಂಗಗಳಿಗೆಂದು ಕಬ್ಬಿಣದ ಜಾಲರಿ, ಕರೆಂಟಿಗೆ ಬೇರೆ ಮೀಟರು. ಮೊದಲ ವಾರ ಮೀನಿನ ವಾಸನೆಗೆ ಊಟ ಸೇರುತ್ತಿರಲಿಲ್ಲ, ಆಮೇಲೆ ಅದು ಬಂದರೆ ಮಧ್ಯಾಹ್ನವಾಯಿತು ಅಂತ ಗೊತ್ತಾಗುತ್ತಿತ್ತು.

ಮಳೆ ನಿಂತ ಮೇಲೆ ಹಾಸ್ಟೆಲ್ ಪಟ್ಟಿ ಬಂತು, ನನ್ನ ಹೆಸರೂ ಇತ್ತು. ಹೇಗೆ ಹೇಳುವುದು ಅಂತ ಎರಡು ದಿನ ತಡವರಿಸಿ ಮಾಸಿಮಾ ಮುಂದೆ ನಿಂತೆ. ಅವರು ತರಕಾರಿ ಹೆಚ್ಚುತ್ತಲೇ ಅಂದರು: "ಹೋಗುವುದಾದರೆ ಹೋಗಪ್ಪ. ದುರ್ಗಾಪೂಜೆ ಮುಗಿಯುವ ತನಕ ಹಾಲು ಮಾತ್ರ ಕಡಿಮೆ ಮಾಡಬೇಡ. ಬಾಗಿಲಲ್ಲಿ ಹುಡುಗರ ಸಾಲು ನಿಂತರೆ ನನಗೆ ಪೂಜೆಗೆ ಪುರುಸೊತ್ತಾಗುವುದಿಲ್ಲ."