ಎಂಟನೇ ನಂಬರಿನ ಟ್ರಾಮು, ಎರಡು ಪಾಸ್‌ಪೋರ್ಟು

ಸ್ವಿಟ್ಜರ್‌ಲೆಂಡಿನ ಬಾಸೆಲ್ ನಗರಕ್ಕೆ ಬಂದ ರೈನ್ ನದಿ ಪಶ್ಚಿಮದ ಹಾದಿ ಬಿಟ್ಟು ಉತ್ತರಕ್ಕೆ ಹೊರಳುತ್ತದೆ. ಹೊರಳಿ ಸ್ವಲ್ಪ ದೂರ ಹೋಗುವಷ್ಟರಲ್ಲಿ ಬಲದಂಡೆ ಜರ್ಮನಿ, ಎಡದಂಡೆ ಫ್ರಾನ್ಸ್. ಮೂರು ದೇಶಗಳು ಕೂಡುವ ಬಿಂದು ಇರುವುದು ನೀರಿನ ನಡುವೆ. ಅಲ್ಲಿ ನಿಂತು ಫೋಟೊ ತೆಗೆಸಿಕೊಳ್ಳಲಾಗದಲ್ಲ, ಅದಕ್ಕಾಗಿ ಸ್ವಿಸ್ ದಂಡೆಯ ಮೇಲೊಂದು ಲೋಹದ ಕಂಬ ನಿಲ್ಲಿಸಿದ್ದಾರೆ. ಪ್ರವಾಸಿಗರು ಅದನ್ನು ಸುತ್ತುಹಾಕಿ ಮೂರು ದೇಶ ನೋಡಿದೆವೆಂದು ಸಂತೋಷಪಡುತ್ತಾರೆ. ಈ ಕಂಬದಿಂದ ಕೂಗಳತೆಯಲ್ಲಿ, ಜರ್ಮನಿಯ ಬದಿಯಲ್ಲಿರುವ ವೈಲ್ ಆಮ್ ರೈನ್ ಎಂಬ ಚಿಕ್ಕ ಊರಿನಲ್ಲಿ ನಮ್ಮ ಮನೆ.

ನಾನು ಧಾರವಾಡದವಳು, ಪಾಸ್‌ಪೋರ್ಟು ಭಾರತದ್ದು, ಕಡುನೀಲಿ. ನಮ್ಮವರು ಜರ್ಮನ್, ಅವರದು ಕಡುಗೆಂಪು. ಗಂಡನನ್ನು ‘ನಮ್ಮವರು’ ಎನ್ನುವ ಕನ್ನಡದ ರೂಢಿ ಎಷ್ಟು ಚೆನ್ನ! ಆದರೆ ಗಡಿಯಲ್ಲಿ ಕುಳಿತ ಯಾವ ಅಧಿಕಾರಿಯ ಲೆಕ್ಕದಲ್ಲೂ ಅವರು ನಮ್ಮವರಲ್ಲ, ನಾನು ಅವರವಳಲ್ಲ.

ಮದುವೆಯಾಗಿ ಇಲ್ಲಿಗೆ ಬಂದ ಹೊಸತರಲ್ಲಿ ಬಾಸೆಲ್ ಪೇಟೆ ಕಣ್ಣಿಗೆ ಕಂಡರೂ ಕಾಲಿಗೆ ದೂರವಾಗಿತ್ತು. ಜರ್ಮನಿಯ ವಾಸದ ಪರವಾನಗಿ ಕೈಯಲ್ಲಿದ್ದರೆ ರೈನ್ ದಾಟಿ ಫ್ರಾನ್ಸಿಗೆ ಹೋಗಲು ಅಡ್ಡಿಯಿರಲಿಲ್ಲ. ಸ್ವಿಟ್ಜರ್‌ಲೆಂಡ್ ಮಾತ್ರ ಆಗ ಷೆಂಗೆನ್ ಒಕ್ಕೂಟದ ಹೊರಗಿತ್ತು. ಬಾಸೆಲ್‌ನಲ್ಲಿ ಬಾಡಿಶರ್ ಬಾನ್‌ಹೋಫ್ ಎಂಬ ವಿಚಿತ್ರ ರೈಲು ನಿಲ್ದಾಣವೊಂದಿದೆ. ನೆಲ ಸ್ವಿಸ್ಸರದು, ನಿಲ್ದಾಣ ಜರ್ಮನ್ ರೈಲ್ವೆಯದು. ಪ್ಲಾಟ್‌ಫಾರಂ ಬದಲಿಸಿ ಮತ್ತೊಂದು ಜರ್ಮನ್ ರೈಲು ಹತ್ತಲು ಯಾರ ಅಪ್ಪಣೆಯೂ ಬೇಕಿರಲಿಲ್ಲ. ಸುರಂಗದ ಹಾದಿಯಲ್ಲಿ ಸುಂಕದ ಕಟ್ಟೆ ದಾಟಿದರೆ ಮಾತ್ರ ಸ್ವಿಟ್ಜರ್‌ಲೆಂಡ್. ನಮ್ಮವರು ಆ ಕಟ್ಟೆ ದಾಟಿ ಹೋಗಿ ಬ್ರೆಡ್ಡು ತರುತ್ತಿದ್ದರು. ನಾನು ಈಚೆ ಸಾಮಾನು ಕಾಯುತ್ತ ಕೂರುತ್ತಿದ್ದೆ. ಲಕ್ಷ್ಮಣರೇಖೆಯೆಂದರೆ ಏನೆಂದು ನನಗೆ ಅರ್ಥವಾದದ್ದು ಅಲ್ಲಿಯೇ.

2008ರ ಡಿಸೆಂಬರ್ 12ರಂದು ಸ್ವಿಟ್ಜರ್‌ಲೆಂಡ್ ಷೆಂಗೆನ್ ಗಡಿ ವ್ಯವಸ್ಥೆಯನ್ನು ಜಾರಿಗೆ ತಂದಿತು. ವಿಮಾನ ನಿಲ್ದಾಣಗಳಲ್ಲಿ ತಪಾಸಣೆ ನಿಂತದ್ದು ಮರುವರ್ಷದ ಮಾರ್ಚಿನಲ್ಲಿ. ಷೆಂಗೆನ್ ಎಂಬುದು ಲಕ್ಸೆಂಬರ್ಗಿನ ಒಂದು ದ್ರಾಕ್ಷಿ ಬೆಳೆಯುವ ಹಳ್ಳಿ. ಮೊಸೆಲ್ ನದಿಯ ದಂಡೆಯಲ್ಲಿರುವ ಅದೂ ಮೂರು ದೇಶ ಕೂಡುವ ಜಾಗವೇ. 1985ರಲ್ಲಿ ಅಲ್ಲಿ ನಿಂತಿದ್ದ ದೋಣಿಯೊಂದರ ಮೇಲೆ ಐದು ದೇಶಗಳು ಒಪ್ಪಂದಕ್ಕೆ ಸಹಿ ಹಾಕಿದವು. ಆ ಸಹಿಯ ಫಲ ನನ್ನ ಪಾಲಿಗೆ ಬಂದದ್ದು ಇಪ್ಪತ್ತಮೂರು ವರ್ಷಗಳ ಮೇಲೆ. 2014ರಲ್ಲಿ ಬಾಸೆಲ್‌ನ ಎಂಟನೇ ನಂಬರಿನ ಟ್ರಾಮನ್ನು ನಮ್ಮೂರ ರೈಲು ನಿಲ್ದಾಣದವರೆಗೆ ವಿಸ್ತರಿಸಿದರು. ಈಗ ಹಸಿರು ಟ್ರಾಮಿನಲ್ಲಿ ಕೂತರೆ ಧಾರವಾಡದಿಂದ ಹುಬ್ಬಳ್ಳಿಗೆ ಹೋದಷ್ಟೇ ಸಲೀಸು.

ಅಪ್ಪ, ಅವ್ವ ಬಂದಾಗ ಅವರನ್ನೂ ಇದೇ ಟ್ರಾಮಿನಲ್ಲಿ ಕರೆದೊಯ್ದಿದ್ದೆ. ಜರ್ಮನಿ ಕೊಟ್ಟ ಒಂದೇ ಷೆಂಗೆನ್ ವೀಸಾ ಮೂರೂ ದೇಶಕ್ಕೆ ಸಾಕಾಗಿತ್ತು. ಹಿಂದಿರುಗುವಾಗ ಎದುರಿನ ಟ್ರಾಮಿನಲ್ಲಿ ಸ್ವಿಸ್ಸರು ಚೀಲಗಟ್ಟಲೆ ಸಾಮಾನು ಹೊತ್ತು ನಿಂತಿದ್ದರು. ಜರ್ಮನಿಯಲ್ಲಿ ಬೆಲೆ ಕಡಿಮೆ. ಸುಂಕದ ಕಚೇರಿಯಲ್ಲಿ ಚೀಟಿಗೆ ಮುದ್ರೆ ಒತ್ತಿಸಿಕೊಂಡರೆ ತೆರಿಗೆಯೂ ವಾಪಸು. ಸ್ವಿಟ್ಜರ್‌ಲೆಂಡ್ ಇಂದಿಗೂ ಐರೋಪ್ಯ ಒಕ್ಕೂಟದ ಸುಂಕ ವ್ಯವಸ್ಥೆಯ ಹೊರಗಿದೆ. ಒಬ್ಬರು ದಿನಕ್ಕೆ ಒಂದು ಕಿಲೋಗಿಂತ ಹೆಚ್ಚು ಮಾಂಸ ಒಯ್ದರೆ ಸುಂಕ ತೆರಬೇಕು. ಇದನ್ನು ವಿವರಿಸಿದಾಗ ಅವ್ವ ಕೇಳಿದಳು: “ಅಂದ್ರ ಮನಷ್ಯಾರನ್ನ ಬಿಡ್ತಾರ, ಮಾಂಸ ಹಿಡೀತಾರ? ನಿನ್ನ ಮದಿವಿ ಹೊತ್ತಿನ್ಯಾಗ ಉಲ್ಟಾ ಇತ್ತಲ್ಲ?”

ಮನುಷ್ಯರನ್ನು ಬಿಡುತ್ತಾರೆಂಬುದೂ ಪೂರ್ತಿ ನಿಜವಲ್ಲ. 2023ರ ಅಕ್ಟೋಬರಿನಿಂದ ಜರ್ಮನಿ ಈ ಗಡಿಯಲ್ಲಿ ಮತ್ತೆ ತಪಾಸಣೆ ಆರಂಭಿಸಿತು. ತರಕಾರಿಗೆ ಹೋಗುವಾಗಲೂ ಪಾಸ್‌ಪೋರ್ಟು ನನ್ನ ಚೀಲದಲ್ಲಿರುತ್ತದೆ. 2020ರ ಮಾರ್ಚಿನಲ್ಲಿ ಕೋವಿಡ್ ಬಂದಾಗಲಂತೂ ಗಡಿಯೇ ಮುಚ್ಚಿತು. ಇಲ್ಲಿಂದ ಪೂರ್ವಕ್ಕಿರುವ ಕಾನ್‌ಸ್ಟಾನ್ಸ್ ಮತ್ತು ಕ್ರೊಯ್ಟ್ಸ್‌ಲಿಂಗನ್ ಒಂದಕ್ಕೊಂದು ಅಂಟಿಕೊಂಡ ಅವಳಿ ಊರುಗಳು. ಅವುಗಳ ನಡುವಿನ ಬೇಲಿ ಕಿತ್ತು 2007ರಲ್ಲಿ ಶಿಲ್ಪಗಳನ್ನು ನಿಲ್ಲಿಸಿದ್ದರು. ಅಲ್ಲಿಯೇ ತಂತಿಬೇಲಿ ಮತ್ತೆ ಎದ್ದಿತು. ಎರಡು ಬದಿಯ ಪ್ರೇಮಿಗಳು ಬೇಲಿಯ ಸಂದಿಯಲ್ಲಿ ಕೈ ಹಿಡಿದುಕೊಳ್ಳುತ್ತಾರೆಂದು ಅಂತರ ಬಿಟ್ಟು ಎರಡನೆಯ ಬೇಲಿಯನ್ನೂ ಹಾಕಿದರು! ಮೇ ತಿಂಗಳ ನಡುವೆ ಬೇಲಿಗಳನ್ನು ತೆಗೆದರು, ಜೂನ್ 15ಕ್ಕೆ ಗಡಿ ತೆರೆಯಿತು. ಸಂಬಂಧಕ್ಕೆ ಕಾಗದದ ಪುರಾವೆ ಇಲ್ಲದಿದ್ದರೆ ಸರಕಾರಗಳ ಕಣ್ಣಿಗೆ ಅದು ಕಾಣುವುದು ಕಷ್ಟ. ಹೊರದೇಶದವರನ್ನು ವರಿಸುವ ಮಕ್ಕಳ ತಂದೆತಾಯಂದಿರು ಜಾತಕಕ್ಕಿಂತ ವಿವಾಹ ನೋಂದಣಿ ಪತ್ರದ ಕಡೆ ಹೆಚ್ಚು ಗಮನ ಕೊಡಲಿ ಎಂದು ನಾನು ಹೇಳುವುದು ಇದಕ್ಕೇ.

ಆ ಪತ್ರಕ್ಕೆ ನಿಜವಾಗಿ ಬೆಲೆಯಿದೆ. ಐರೋಪ್ಯ ಒಕ್ಕೂಟದ 2004ರ ನಿರ್ದೇಶನವೊಂದರ ಪ್ರಕಾರ, ಒಕ್ಕೂಟದ ಪ್ರಜೆಯೊಡನೆ ಪ್ರಯಾಣ ಮಾಡುವ ಹೊರದೇಶದ ಪತಿ ಅಥವಾ ಪತ್ನಿಗೆ ವೀಸಾವನ್ನು ಶುಲ್ಕವಿಲ್ಲದೆ, ತ್ವರಿತವಾಗಿ ಕೊಡಬೇಕು. ತಮಾಷೆಯೆಂದರೆ ಈ ಸೌಲಭ್ಯ ಸಂಗಾತಿಯ ಸ್ವಂತ ದೇಶಕ್ಕಲ್ಲ, ಒಕ್ಕೂಟದ ಉಳಿದ ದೇಶಗಳಿಗೆ. ಗಂಡ ಜರ್ಮನ್ ಆದರೆ ಫ್ರಾನ್ಸಿಗೆ ಹೋಗುವಾಗ ಅನ್ವಯಿಸುತ್ತದೆ, ಜರ್ಮನಿಗೆ ಬರುವಾಗ ಜರ್ಮನಿಯ ಸ್ವಂತ ಕಾನೂನು. ಅತ್ತೆಯ ಮನೆಗಿಂತ ನೆರೆಮನೆಯವರೇ ಉದಾರಿಗಳು! ಷೆಂಗೆನ್ ಗಡಿಯಲ್ಲಿ ಗಂಡನ ಜೊತೆಗಿದ್ದಾಗ ಒಕ್ಕೂಟದವರ ಸಾಲಿನಲ್ಲಿಯೇ ನಿಲ್ಲುವ ಹಕ್ಕೂ ನನಗಿದೆ. ಇದನ್ನು ತಿಳಿಯದೆ ಬೇರೆ ಸಾಲಿನಲ್ಲಿ ನಿಂತು ಗಂಟೆಗಟ್ಟಲೆ ಬೇಯುವ ದಂಪತಿಗಳನ್ನು ಬಹಳ ಕಂಡಿದ್ದೇನೆ.

ಎಲ್ಲೆಡೆಯೂ ಕೆಂಪು ಪಾಸ್‌ಪೋರ್ಟಿನದೇ ಮೇಲುಗೈ ಎಂದುಕೊಳ್ಳಬೇಡಿ. ಕಾಠ್ಮಂಡುವಿನಲ್ಲಿ ನಮ್ಮವರು ಡಾಲರ್ ಎಣಿಸುತ್ತ ವೀಸಾಕ್ಕೆ ನಿಂತಿದ್ದರೆ ನಾನು ವೀಸಾದ ಗೊಡವೆಯಿಲ್ಲದೆ ಆಚೆ ಹೋಗಿ ಅವರ ದಾರಿ ಕಾಯುತ್ತಿದ್ದೆ. ಭೂತಾನದಲ್ಲಿ 2023ರ ಸೆಪ್ಟೆಂಬರಿನಿಂದ ಪ್ರವಾಸಿ ಶುಲ್ಕ ಅವರಿಗೆ ರಾತ್ರಿಯೊಂದಕ್ಕೆ 100 ಡಾಲರ್. ಭಾರತೀಯರಿಗೆ 1200 ರೂಪಾಯಿ. ಬಾಡಿಶರ್ ಬಾನ್‌ಹೋಫ್‌ನ ಬ್ರೆಡ್ಡಿನ ಲೆಕ್ಕ ಅಲ್ಲಿ ಚುಕ್ತಾ ಆಯಿತೆಂದು ಅವರೇ ನಗುತ್ತಾರೆ.

ಇನ್ನು ಪೌರತ್ವದ ಮಾತು. ಹಿಂದೆ ಈ ಆಯ್ಕೆಯೇ ಹೆಂಗಸರಿಗೆ ಇರಲಿಲ್ಲ. 1870ರ ಕಾನೂನಿನಂತೆ ಪರದೇಶದವನನ್ನು ಮದುವೆಯಾದ ಬ್ರಿಟಿಷ್ ಹೆಣ್ಣು ತನ್ನ ರಾಷ್ಟ್ರೀಯತೆಯನ್ನೇ ಕಳೆದುಕೊಳ್ಳುತ್ತಿದ್ದಳು. ಅದು ಪೂರ್ತಿ ಹೋದದ್ದು 1948ರ ಕಾನೂನು ಬಂದ ಮೇಲೆ. ಸ್ವಿಟ್ಜರ್‌ಲೆಂಡಿನಲ್ಲಿ, ಸ್ವಿಸ್ ಗಂಡಸನ್ನು ವರಿಸಿದ ಹೊರಗಿನವಳು 1991ರ ಕೊನೆಯವರೆಗೂ ತಾನಾಗಿಯೇ ಸ್ವಿಸ್ ಪ್ರಜೆಯಾಗುತ್ತಿದ್ದಳು. ಹೆಂಡತಿಗೆ ಗಂಡನ ದೇಶವೇ ದೇಶ ಎಂಬ ತತ್ವ ನಮ್ಮಲ್ಲಿ ಮಾತ್ರ ಇತ್ತೆಂದು ತಿಳಿಯುವವರು ಇದನ್ನು ಗಮನಿಸಬೇಕು.

2024ರ ಜೂನ್‌ನಲ್ಲಿ ಜರ್ಮನಿ ಎರಡೆರಡು ಪೌರತ್ವಕ್ಕೆ ಬಾಗಿಲು ತೆರೆಯಿತು. ಇಲ್ಲಿನ ನನ್ನ ತುರ್ಕಿ ಗೆಳತಿ ಎರಡನ್ನೂ ಇಟ್ಟುಕೊಂಡಳು. ನನಗೆ ಅದು ಸಾಧ್ಯವಿಲ್ಲ: ನಮ್ಮ 1955ರ ಪೌರತ್ವ ಕಾಯಿದೆಯ ಪ್ರಕಾರ, ಸ್ವಇಚ್ಛೆಯಿಂದ ಬೇರೆ ದೇಶದ ಪ್ರಜೆಯಾದ ಗಳಿಗೆಯಲ್ಲಿ ಭಾರತದ ಪೌರತ್ವ ಹೋಗುತ್ತದೆ. ಆಮೇಲೆ ಸಿಗುವುದು ಸಾಗರೋತ್ತರ ಭಾರತೀಯ ಪ್ರಜೆಯೆಂಬ ಓಸಿಐ ಕಾರ್ಡು. ಅದರಿಂದ ಆಜೀವ ವೀಸಾ ಸಿಗುತ್ತದೆ. ಮತದಾನವಿಲ್ಲ, ಹೊಲ ಕೊಳ್ಳುವಂತಿಲ್ಲ. ಮದುವೆ ನೋಂದಣಿಯಾಗಿ ಎರಡು ವರ್ಷ ಕಳೆದ ಮೇಲೆ ನಮ್ಮವರು ಈ ಕಾರ್ಡು ಪಡೆದಿದ್ದಾರೆ. ಮಗಳಿಗೂ ಜರ್ಮನ್ ಪಾಸ್‌ಪೋರ್ಟು ಮತ್ತು ಇದೇ ಕಾರ್ಡು. ಮನೆಯಲ್ಲಿ ಉಳಿದಿರುವ ಒಂದೇ ಅಪ್ಪಟ ಭಾರತೀಯ ದಾಖಲೆ ನನ್ನದು.

ಅರ್ಜಿ ತುಂಬಲೇ ಎಂದು ಅಪ್ಪನಿಗೆ ಫೋನಿನಲ್ಲಿ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. “ಅಳಿಯಂದ್ರು ಏನಂತಾರ?” ಎಂದರು. ನಿನ್ನಿಷ್ಟ ಎಂದಿದ್ದಾರೆ ಎಂದೆ. “ನಾಳೆ ನಮಗೇನರ ಆದ್ರ ಯಾವ ಕಾಗದದ ಮ್ಯಾಲ ಲಗೂನ ಬರಬಹುದು?” ಎಂದು ಕೇಳಿದರು. ಎರಡರಿಂದಲೂ ಅಷ್ಟೇ ಬೇಗ ಬರಬಹುದು ಎಂದು ಹೇಳಿದೆ. “ಹಂಗಾದ್ರ ನನ್ನ ಕೇಳಬ್ಯಾಡವ್ವಾ” ಎಂದು ಫೋನನ್ನು ಅವ್ವನ ಕೈಗೆ ಕೊಟ್ಟರು.