ಕೊನೆಯ ಬೆಂಚಿನ ಆಯಿ

ಗೋಪನಕೊಪ್ಪದ ನಮ್ಮ ಓಣಿಯಲ್ಲಿ ಆಕೆಯನ್ನು ಹೆಸರು ಹಿಡಿದು ಕರೆದವರನ್ನು ನಾನು ಕಂಡಿಲ್ಲ. ಕ್ರೈಸ್ತರಿಗೆ, ಲಿಂಗಾಯತರಿಗೆ, ಎದುರು ಮನೆಯ ಮುಸಲ್ಮಾನರಿಗೆ, ಎಲ್ಲರಿಗೂ ಆಕೆ ಆಯಿ. ಗಂಡ ರೈಲ್ವೆ ವರ್ಕ್‌ಶಾಪಿನಲ್ಲಿ ಕೆಲಸಕ್ಕಿದ್ದವರು, ಬೇಗ ತೀರಿಕೊಂಡರು. ಪೆನ್ಶನ್ನು, ಎರಡು ಎಮ್ಮೆ, ಮೂವರು ಮಕ್ಕಳು. ಇಷ್ಟನ್ನು ಸಂಭಾಳಿಸಿಕೊಂಡೇ ಆಯಿ ನಮ್ಮ ಸಭೆಯ ಹಿರಿಯಳಾದಳು.

ಸಭೆ ಅಂದರೆ ನಮ್ಮಲ್ಲಿ ಮೀಟಿಂಗ್ ಅಲ್ಲ. ಒಂದು ದೇವಾಲಯಕ್ಕೆ ಸೇರಿದ ಜನ. 1834ರಲ್ಲಿ ಮಂಗಳೂರಿಗೆ ಬಂದಿಳಿದ ಬಾಸೆಲ್ ಮಿಶನ್ನಿನವರು 1837ರಲ್ಲಿ ಧಾರವಾಡಕ್ಕೂ 1839ರಲ್ಲಿ ಹುಬ್ಬಳ್ಳಿಗೂ ಬಂದರು. ಅವರು ಕೊಟ್ಟ 1894ರ ಕಿಟೆಲ್ ನಿಘಂಟು ನಾಡಿಗೆಲ್ಲ ಗೊತ್ತು. ಸಭಾಹಿರಿಯರ ಕೆಲಸ ಹೊರಗಿನವರಿಗೆ ಅಷ್ಟು ಗೊತ್ತಿಲ್ಲ. ಪಾಸ್ಟರಿಗೆ ನೆರವಾಗುವುದು, ಕಾಣಿಕೆ ಎಣಿಸುವುದು, ರೋಗಿಗಳನ್ನು ನೋಡಿ ಬರುವುದು, ಜಗಳ ಬಿಡಿಸುವುದು.

ಉಳಿದ ಹಿರಿಯರು ಮುಂದಿನ ಸಾಲಿನಲ್ಲಿ ಕೂಡುತ್ತಿದ್ದರು. ಆಯಿ ಮಾತ್ರ ಕೊನೆಯ ಬೆಂಚು. ಒಮ್ಮೆ ಕೇಳಿದೆ, ಯಾಕೆ ಅಂತ.

“ಮುಂದ ಕುಂತ್ರ ಪಾಸ್ಟರ್ ಒಬ್ಬರ ಕಾಣ್ತಾರ. ಹಿಂದ ಕುಂತ್ರ ಯಾರು ಬಂದಿಲ್ಲ ಅನ್ನೂದು ಕಾಣತೈತಿ.”

ಆರಾಧನೆ ಮುಗಿದ ಮೇಲೆ ಸೆರಗು ಸಿಕ್ಕಿಸಿಕೊಂಡು ಹೊರಡುತ್ತಿದ್ದಳು, ಬಾರದವರ ಮನೆಗೆ. ಯಾಕೆ ಬರಲಿಲ್ಲ ಅಂತ ಕೇಳುತ್ತಿರಲಿಲ್ಲ. ಚಹಾ ಕುಡಿದು, ಮಕ್ಕಳ ತಲೆ ಸವರಿ, ಸಣ್ಣ ಪ್ರಾರ್ಥನೆ ಮಾಡಿ ಎದ್ದು ಬರುತ್ತಿದ್ದಳು. ಕಾರಣ ತಾನಾಗಿ ಹೊರಬೀಳುತ್ತಿತ್ತು.

ನಮ್ಮ ಮನೆಗಳಲ್ಲಿ ಹಿಡಿ ಜೋಳದ ಪದ್ಧತಿ ಇತ್ತು. ಹಿಟ್ಟು ಬೀಸಿಸುವ ಮೊದಲು ಒಂದು ಹಿಡಿ ಜೋಳ ಡಬ್ಬಿಗೆ ಹಾಕಿ ಸಭೆಗೆ ಎತ್ತಿಡಬೇಕು. ಅದನ್ನು ಕೂಡಿಸುವವಳು ಆಯಿ. ಆಕೆಯ ನೋಟ್‌ಬುಕ್ಕಿನಲ್ಲಿ ಕೊಟ್ಟವರ ಹೆಸರಿರುತ್ತಿತ್ತು. ಹಂಚಿದ ಕಡೆ ಬರೀ ‘ಎರಡು ಸೇರು’, ‘ನಾಲ್ಕು ಸೇರು’. ಯಾರಿಗೆ ಕೊಟ್ಟಿರಿ ಎಂದು ಕಮಿಟಿಯಲ್ಲಿ ಒಬ್ಬರು ಜೋರು ಮಾಡಿದರಂತೆ. “ಉಂಡವರಿಗೆ ಗೊತ್ತೈತ್ರಿ” ಅಂದಳಂತೆ.

ಆ ಎರಡು ಸೇರುಗಳಲ್ಲಿ ಕೆಲವು ನಮ್ಮ ಮನೆಗೆ ಬಂದಿವೆ. ಅಪ್ಪನ ಕೆಲಸ ಹೋದ ವರ್ಷ ನಾವು ದೇವಾಲಯಕ್ಕೆ ಹೋಗುವುದನ್ನೇ ಬಿಟ್ಟಿದ್ದೆವು. ಕಾಣಿಕೆ ತಟ್ಟೆ ಮುಂದೆ ಬಂದರೆ ಹಾಕಲು ಏನೂ ಇರಲಿಲ್ಲ. ಆಯಿ ಕತ್ತಲಾದ ಮೇಲೆ ಚೀಲ ತಂದಳು. ಜೋಳ ನಮ್ಮ ಡಬ್ಬಿಗೆ ಸುರಿದು, ಅದರಿಂದಲೇ ಒಂದು ಹಿಡಿ ತೆಗೆಯಲು ಅವ್ವನಿಗೆ ಹೇಳಿದಳು.

“ಹಾಕವಾ ನನ್ನ ಚೀಲದಾಗ. ಇದು ನಿಮ್ಮ ಮನೀ ಹಿಡಿ. ಬರಕೋತೇನಿ.”

ಮುಂದಿನ ಭಾನುವಾರ ಅವ್ವ ನಮ್ಮನ್ನೆಲ್ಲ ಕರೆದುಕೊಂಡು ದೇವಾಲಯಕ್ಕೆ ಹೋದಳು.

ದಕ್ಷಿಣ ಭಾರತ ಸಭೆ ಹೆಂಗಸರಿಗೆ ಪಾಸ್ಟರ್ ದೀಕ್ಷೆ ಕೊಟ್ಟಿದ್ದು 1976ರಲ್ಲಿ. 2013ರಲ್ಲಿ ಪುಷ್ಪಲಲಿತಾ ನಂದ್ಯಾಲದ ಬಿಷಪ್ ಆದರು, ಸಭೆಯ ಮೊದಲ ಮಹಿಳಾ ಬಿಷಪ್. ಪೇಪರು ಓದಿ ಹೇಳಿದೆ. “ಛಲೋ ಆತು. ಇನ್ನ ಆಕೀಗೂ ಮನಿ ಮನಿ ಅಡ್ಡಾಡಿ ಮಣಕಾಲು ಬ್ಯಾನಿ” ಎಂದು ನಕ್ಕಳು. ಆಗಲೇ ಅವಳ ಮೊಣಕಾಲು ಸೋತಿದ್ದವು.

ಆಮೇಲೆ ಕೊನೆಯ ಬೆಂಚು ಖಾಲಿಯಾಯಿತು. ಬೆಂಗಳೂರಿನಿಂದ ಬಂದಾಗ ನೋಡುತ್ತಿದ್ದೆ. ವಯಸ್ಸಾಯಿತು ಪಾಪ, ಅಂದುಕೊಂಡು ರಾತ್ರಿ ಬಸ್ಸು ಹಿಡಿಯುತ್ತಿದ್ದೆ.

ಮಣ್ಣು ಮಾಡುವ ದಿನ ದೇವಾಲಯ ತುಂಬಿ ಹೊರಗೆ ಶಾಮಿಯಾನ ಹಾಕಿದ್ದರು. ಆಯಿ ನಮಗೆಲ್ಲ ತಾಯಿ ಇದ್ದಂತೆ ಎಂದು ಹಲವರು ಮಾತಾಡಿದರು. ಮನೆಗೆ ಬಂದು ಕೈಕಾಲು ತೊಳೆಯುವಾಗ ಅವ್ವ ಕೇಳಿದಳು: “ಕಡೀಕ ಎರಡು ವರ್ಷ ಆಕಿ ದೇವಾಲಯಕ್ಕ ಬಂದಿಲ್ಲ. ಆಕಿ ಮನೀಗೆ ಯಾರ್ ಯಾರು ಹೋಗಿದ್ರು, ಎಣಸು ನೋಡೋಣು.”

ಎಣಿಸಿದೆವು. ತಿಂಗಳಿಗೊಮ್ಮೆ ಪಾಸ್ಟರು. ಅವ್ವ. ದಿನಾ ಸಂಜೆ ಎದುರು ಮನೆಯ ಚಾಚಿ. ನಾಲ್ಕನೇ ಬೆರಳು ಮಡಚಲು ಯಾರೂ ನೆನಪಾಗಲಿಲ್ಲ.

ಆ ಎರಡು ವರ್ಷದಲ್ಲಿ ನಾನು ಐದು ಸಲ ಊರಿಗೆ ಬಂದಿದ್ದೆ. ಆಯಿಯ ಮನೆ ನಮ್ಮ ಮನೆಯಿಂದ ಏಳು ಮನೆ ಆಚೆ.