ಹಂಗಾಮಿನ ವ್ಯಾಪಾರವೂ ಅತಿಭಾರವೂ

ದೇವದುರ್ಗ ತಾಲ್ಲೂಕಿನ ಕೃಷ್ಣಾ ತೀರದಲ್ಲಿರುವ ಗೂಗಲ್ ಗ್ರಾಮದ ಆಸುಪಾಸಿನವರಿಗೆ ಹಂಗಾಮು ಎಂಬ ಶಬ್ದದ ಅರ್ಥವನ್ನು ಹೇಳಿಕೊಡಬೇಕಾಗಿಲ್ಲ. ಭತ್ತದ ನಾಟಿಗೂ ಹತ್ತಿ ಬಿಡಿಸುವುದಕ್ಕೂ ಎಲ್ಲರಿಗೂ ಒಮ್ಮೆಗೇ ಆಳು ಬೇಕಾಗುತ್ತದೆ. ಆಟದ ಉಡುಪನ್ನು ಬೇಡಿಕೆಯಂತೆ ಹೊಲಿದುಕೊಡುವ ವ್ಯಾಪಾರಕ್ಕೂ ಇಂಥದೇ ಹಂಗಾಮು ಉಂಟು. ಶಾಲೆಗಳು ತೆರೆದ ಮೇಲೆ ಕ್ರೀಡಾಕೂಟಗಳು ವಲಯ ಮಟ್ಟದಿಂದ ಆರಂಭವಾಗಿ ತಾಲ್ಲೂಕು, ಜಿಲ್ಲೆ, ವಿಭಾಗಗಳಿಗೆ ಏರುತ್ತವೆ. ಅವುಗಳ ಬೆನ್ನಿಗೇ ದಸರಾ ಕ್ರೀಡಾಕೂಟ ಬರುತ್ತದೆ. ಕಬಡ್ಡಿ, ಕೊಕ್ಕೊ, ವಾಲಿಬಾಲ್ ತಂಡಗಳಿಗೆಲ್ಲ ಹೆಸರು, ಸಂಖ್ಯೆ ಅಚ್ಚಾದ ಅಂಗಿಗಳು ಅದೇ ವಾರದಲ್ಲಿ ಬೇಕು. ಪಂದ್ಯ ಮುಗಿದ ಮರುದಿನ ತಲುಪಿದ ಅಂಗಿಗೆ ಬೆಲೆಯಿಲ್ಲ.

ಇಲ್ಲಿಯೇ ವರ್ತಕನ ಪರೀಕ್ಷೆ. ಐದು ಯಂತ್ರಗಳಿರುವ ಒಂದು ಅಂಗಡಿಯಲ್ಲಿ ಯಂತ್ರವೊಂದಕ್ಕೆ ದಿನಕ್ಕೆ 12 ಅಂಗಿಗಳು ಸಿದ್ಧವಾಗುತ್ತವೆಂದು ಭಾವಿಸಿದರೆ, 25 ದಿನಗಳಲ್ಲಿ 1,500 ಅಂಗಿಗಳಾದವು. ಆತನು 2,000 ಅಂಗಿಗಳಿಗೆ ಮುಂಗಡ ಪಡೆದನೆಂದರೆ, ಉಳಿದ 500 ಅಂಗಿಗಳನ್ನು ಯಾರ ಕೈಯಿಂದ ತರುವನು? ಹೊಲಿಗೆಯವರ ನಿದ್ರೆಯಿಂದ ಹಾಗೂ ಊಟದ ಬಿಡುವಿನಿಂದ ತರಬೇಕು. ಇಲ್ಲವೇ ಮಾದರಿಯಲ್ಲಿ ದಪ್ಪ ಬಟ್ಟೆಯನ್ನು ತೋರಿಸಿ, ತೆಳು ಬಟ್ಟೆಯಲ್ಲಿ ಹೊಲಿದು ಕೊಡಬೇಕು.

ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಇವೆರಡನ್ನೂ ಹೆಸರಿಸಿದೆ. ಅಹಿಂಸಾಣುವ್ರತದ ಐದು ಅತಿಚಾರಗಳಲ್ಲಿ ಅತಿಭಾರಾರೋಪಣ ಮತ್ತು ಅನ್ನಪಾನನಿರೋಧಗಳು ಸೇರಿವೆ. ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ಪ್ರತಿರೂಪಕ ವ್ಯವಹಾರವು ಸೇರಿದೆ. ಎತ್ತಿನ ಬೆನ್ನಿಗೆ ಹೊರೆ ಹೇರಲು ಅಂಜುವ ಶ್ರಾವಕನು ಮನುಷ್ಯನ ಕಣ್ಣಿಗೂ ಬೆನ್ನಿಗೂ ಹೊರೆ ಹೇರಬಹುದೇ? 1948ರ ಕಾರ್ಖಾನೆ ಕಾಯಿದೆಯು ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ ಎಂಬ ಮಿತಿಯನ್ನೂ, 5 ಗಂಟೆಗಳ ದುಡಿಮೆಯ ಬಳಿಕ ಅರ್ಧ ಗಂಟೆಯ ವಿರಾಮವನ್ನೂ, ಹೆಚ್ಚಿನ ದುಡಿಮೆಗೆ ಇಮ್ಮಡಿ ಕೂಲಿಯನ್ನೂ ವಿಧಿಸಿತ್ತು. ಹತ್ತು ಮಂದಿಗೂ ಕಡಿಮೆ ಇದ್ದ ಸಣ್ಣ ಅಂಗಡಿಗಳು ಸಾಮಾನ್ಯವಾಗಿ ಅದರ ವ್ಯಾಪ್ತಿಗೆ ಬರುತ್ತಿರಲಿಲ್ಲ. ಕಾಯಿದೆ ತಲುಪದ ಕಡೆಯಲ್ಲಿಯೂ ವ್ರತವು ತಲುಪುತ್ತದೆ.

ಅವಸರದ ಹೊರೆ ಎಲ್ಲಿಯವರೆಗೆ ಒಯ್ಯಬಲ್ಲದೆಂಬುದನ್ನು ಬಾಂಗ್ಲಾದೇಶದ ಢಾಕಾ ಸಮೀಪದ ರಾಣಾ ಪ್ಲಾಜಾ ತೋರಿಸಿತು. 2013ರ ಏಪ್ರಿಲ್ 23ರಂದು ಆ ಕಟ್ಟಡದಲ್ಲಿ ಬಿರುಕುಗಳು ಕಂಡವು. ಕೆಳಗಿನ ಅಂತಸ್ತುಗಳ ಬ್ಯಾಂಕು, ಅಂಗಡಿಗಳು ಮುಚ್ಚಿದವು. ಸಿದ್ಧ ಉಡುಪು ಹೊಲಿಯುವವರನ್ನು ಮಾತ್ರ ಮರುದಿನ ಒಳಗೆ ಕಳುಹಿಸಲಾಯಿತು. ಕಟ್ಟಡ ಕುಸಿದು 1,100ಕ್ಕೂ ಹೆಚ್ಚು ಜನ ಮೃತರಾದರು. ಸರಕನ್ನು ಹೇಳಿದ ದಿನಕ್ಕೆ ಕಳುಹಿಸಬೇಕೆಂಬ ಒತ್ತಡವೂ ಅದರ ಕಾರಣಗಳಲ್ಲಿ ಒಂದಾಗಿತ್ತು.

ಇದಕ್ಕೆ ಒಂದು ಆಕ್ಷೇಪವಿದೆ, ಅದು ಹುರುಳಿಲ್ಲದ್ದಲ್ಲ. ಅಂಗಿಯ ಲೆಕ್ಕದಲ್ಲಿ ಕೂಲಿ ಪಡೆಯುವವರಿಗೆ ಹಂಗಾಮಿನ ಗಳಿಕೆಯೇ ಬರಿದಾದ ತಿಂಗಳುಗಳ ಅನ್ನ. ಬೇಡಿಕೆಯನ್ನು ನಿರಾಕರಿಸಿದರೆ ಅವರಿಗೂ ನಷ್ಟವಲ್ಲವೇ? ಆದ್ದರಿಂದ ನಿರಾಕರಣೆಯೊಂದೇ ಸಾಲದು. ಕೆಲಸವನ್ನು ವರ್ಷಕ್ಕೆ ಹಂಚಬೇಕು. ಇಟಲಿಯ ಬೆನೆಟನ್ ಸಂಸ್ಥೆಯು ಉಣ್ಣೆಯ ಉಡುಪುಗಳನ್ನು ಬಣ್ಣವಿಲ್ಲದೆ ಹೆಣೆಸಿಟ್ಟು, ಬೇಡಿಕೆ ತಿಳಿದ ಮೇಲೆ ಬಣ್ಣ ಹಾಕಿಸುವ ಕ್ರಮದಿಂದ ಹೆಸರಾಯಿತು. ಹಾಗೆಯೇ ಸಾಮಾನ್ಯ ಬಣ್ಣ, ಅಳತೆಗಳ ಅಂಗಿಗಳನ್ನು ಬೇಸಿಗೆಯಲ್ಲಿಯೇ ಹೊಲಿಸಿಟ್ಟು, ಹೆಸರು, ಸಂಖ್ಯೆಗಳನ್ನು ಮಾತ್ರ ಕೊನೆಗೆ ಶಾಖದಿಂದ ಒತ್ತಿಸಬಹುದು. ಆಗ ಕೂಲಿಯೂ ಬೇಸಿಗೆಗೆ ಹರಿಯುತ್ತದೆ. ಇಡೀ ಅಂಗಿಯ ಮೇಲೆ ಚಿತ್ತಾರ ಬೇಕೆನ್ನುವವರಿಗೆ ಈ ಉಪಾಯ ಸಲ್ಲದು. ಸಬ್ಲಿಮೇಷನ್ ಕ್ರಮದಲ್ಲಿ ಪಾಲಿಯೆಸ್ಟರ್ ಬಟ್ಟೆಯ ತುಂಡುಗಳಿಗೆ ಬಣ್ಣ ಇಳಿಸಿದ ಬಳಿಕವೇ ಹೊಲಿಗೆ. ಅಂಥ ಬೇಡಿಕೆಗೆ ಕಡೆಯ ದಿನವನ್ನು ಮೊದಲೇ ಗೊತ್ತುಪಡಿಸಿ, ಶಾಲೆಗಳಿಗೆ ತಿಳಿಸುವುದು ಯೋಗ್ಯ.

ಇಷ್ಟಾದರೂ ಕೆಲವರನ್ನು ಬರಿಗೈಯಲ್ಲಿ ಕಳುಹಿಸಬೇಕಾಗುತ್ತದೆ. ಅವರು ಪಕ್ಕದ ಅಂಗಡಿಗೆ ಹೋಗುವರು, ಮುಂದಿನ ವರ್ಷ ಮರಳಿ ಬಾರದೆಯೂ ಇರಬಹುದು. ಆ ನಷ್ಟವನ್ನು ವರ್ತಕನೇ ಹೊರಬೇಕು. ಲಾಭವು ತನ್ನದಾಗಿರುವಾಗ ಹೊರೆಯೂ ತನ್ನದೇ. ಪರಿಗ್ರಹಪರಿಮಾಣ ವ್ರತದಲ್ಲಿ ಶ್ರಾವಕನು ಆಸೆ ಎದ್ದ ಮೇಲೆ ಮಿತಿಯನ್ನು ಹುಡುಕುವುದಿಲ್ಲ, ಮುಂಚಿತವಾಗಿಯೇ ಗೊತ್ತುಮಾಡಿಕೊಳ್ಳುತ್ತಾನೆ. ಶಾಲೆಗಳು ತೆರೆಯುವ ಮೊದಲೇ ಖಾತೆಯ ಮೊದಲ ಪುಟದಲ್ಲಿ ಆ ಹಂಗಾಮಿನ ಅಂಗಿಗಳ ಸಂಖ್ಯೆಯನ್ನು ಬರೆದಿಟ್ಟು, ಅದು ತುಂಬಿದ ದಿನ ಮುಂಗಡ ಪಡೆಯುವುದನ್ನು ನಿಲ್ಲಿಸುವ ವರ್ತಕನು ಈ ವ್ರತವನ್ನು ಅಂಗಡಿಯಲ್ಲಿಯೇ ಪಾಲಿಸಿದಂತಾಗುತ್ತದೆ.